ಶಾಂತಿ ಇದೆಯೇ ಎಂದು ಕೇಳಿದಾಗ

ಮೂರು ವರ್ಷ ನಾನು ಮರಗಿಡ, ಪ್ರಕೃತಿಯನ್ನು ಆರಾಧಿಸುವ ಡ್ರೂಯಿಡರ ಪೂಜೆಯನ್ನು ಒಬ್ಬಳೇ ಮಾಡಿದವಳು. ವೇಲ್ಸ್‌ನ ಓಕ್ ತೋಪಿನಲ್ಲಿ ನಿಂತು ನಾಲ್ಕೂ ದಿಕ್ಕಿಗೆ "ಶಾಂತಿ ಇದೆಯೇ?" ಎಂದು ಕೇಳಿ, "ಇದೆ" ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಒಂಟಿತನ ಸಾಕಾಗಿ ಮೊನ್ನೆ ಮಧ್ಯಾಹ್ನ, ಇದೇ ಪೂಜೆ ನಡೆಸುವ ಮೆರೆರಿದ್ ಎಂಬುವವರ ಗುಂಪಿಗೆ ಹೋದೆ. ಇವರು ನನ್ನನ್ನು ಸೇರಿಸಿಕೊಂಡರೆ ಸಾಕೆನಿಸಿತ್ತು.

ಕೈಕೈ ಹಿಡಿದು ವೃತ್ತವಾಗಿ ನಿಂತೆವು. ಮೆರೆರಿದ್ "ಶಾಂತಿ ಇದೆಯೇ?" ಎಂದು ಕೇಳಿದರು. ಏಳು ಜನ "ಇದೆ" ಎಂದರು. ನನ್ನ ಬೆನ್ನ ಹಿಂದಿನಿಂದ ನನ್ನದೇ ದನಿ "ಇಲ್ಲ" ಎಂದಿತು.

"ಏನಮ್ಮಾ, ಮೊದಲ್ನೇ ದಿನಾನೇ ತಮಾಷೆನಾ? ಒಬ್ರು ಇಲ್ಲ ಅಂದ್ರೂ ಪೂಜೆ ಶುರು ಮಾಡೋ ಹಾಗಿಲ್ಲ!" ಎಂದರು ಮೆರೆರಿದ್.

"ನಾನಲ್ಲ..."

"ಮತ್ತೆ ನಿಮ್ಮಜ್ಜೀನಾ?" ಪಕ್ಕದಲ್ಲಿದ್ದ ಇದ್ವಾಲ್ ನಕ್ಕ.

ಮೆರೆರಿದ್ ಮತ್ತೆ ಕೇಳಿದರು. ನಾನು ಒಂದು ಕೈ ಬಿಡಿಸಿಕೊಂಡು ಬಾಯಿ ಒತ್ತಿ ಹಿಡಿದಿದ್ದೆ.

"ಇಲ್ಲ." ಈ ಸಲ ಕತ್ತಿಗೆ ತಣ್ಣನೆಯ ಉಸಿರೂ ತಾಗಿತು.

ಇದ್ವಾಲ್ ನನ್ನ ಮುಚ್ಚಿದ ಬಾಯನ್ನೇ ನೋಡುತ್ತ, ಹಿಡಿದಿದ್ದ ಇನ್ನೊಂದು ಕೈಯನ್ನು ಮೆಲ್ಲಗೆ ಬಿಟ್ಟ.