ದೊರೆಸಾನಿಯ ಬೋನಲ್ಲಿ ಸತ್ತವನು

ಬೆಳಗಿನ ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ. ಅಷ್ಟರಲ್ಲೇ ಮೃಗಾಲಯದ ಹುಲಿ ಬೋನಿನ ಮುಂದೆ ಊರಿಗೆ ಊರೇ ಕಿತ್ಕೊಂಡು ಬಂದಂಗೆ ಜನ. ಗಂಡನ ತಿಂಡಿ ಡಬ್ಬಿ ಹಿಡ್ಕೊಂಡು ಬಂದ ಅಕ್ಕನ್ನ ನೋಡಿ ಎಲ್ಲರೂ ಮಾತು ನಿಲ್ಲಿಸಿ ದಾರಿ ಬಿಟ್ರು. ದಾರಿ ಬಿಟ್ಟ ರೀತಿ ನೋಡಿ ಅವಳು ಸರಳಿನ ಹತ್ರ ನುಗ್ಗಿದ್ಲು.

ಬೋನಿನೊಳಗೆ, ಸಿಮೆಂಟ್ ನೆಲದ ಮೇಲೆ, ಅವಳ ಗಂಡ ಬಿದ್ದಿದ್ದ. ಪಕ್ಕದಲ್ಲಿ ದೊರೆಸಾನಿ ಕೂತು ಅವನ ಕೆನ್ನೆ ನೆಕ್ತಾ ಇತ್ತು.

ದೊರೆಸಾನಿ ಅಂದ್ರೆ ಆ ಮೃಗಾಲಯದ ಹೆಣ್ಣು ಹುಲಿ. ತಲೆ ನೋಡಿದ್ರೆ ನೀರು ಕಾಯಿಸೋ ಹಂಡೆ, ಕೂಗಿದ್ರೆ ಆಚೆ ಬೀದಿಯ ಮಕ್ಕಳು ತೊಟ್ಟಿಲಲ್ಲೇ ಎದ್ದು ಕೂರ್ಬೇಕು, ಅಂಥದು. ತಾಯಿ ಬಿಟ್ಟ ಮರಿಯಾಗಿದ್ದಾಗ ಬಾಟ್ಲಿ ಹಾಲು ಕುಡಿಸಿ ಬೆಳೆಸಿದವನು ಅಕ್ಕನ ಗಂಡ. ಊರೆಲ್ಲ ಅವನನ್ನ ಕರೀತಿದ್ದದ್ದೇ ಹುಲಿಯಣ್ಣ ಅಂತ, ಅವಳನ್ನ ಅಕ್ಕ ಅಂತ. ಹೆಂಡತಿಯ ಸೀರೆ ಯಾವ ಬಣ್ಣ ಅಂತ ಕೇಳಿದ್ರೆ ಹತ್ತು ಸಲ ತಲೆ ಕೆರ್ಕೊಳ್ತಿದ್ದ. ಆದ್ರೆ ಆ ಹುಲಿಯ ಪಟ್ಟೆಗಳನ್ನ ಕಣ್ಣು ಮುಚ್ಕೊಂಡು ಬರೀತಿದ್ದ. “ಒಂದು ಹುಲಿ ಪಟ್ಟೆ ಇನ್ನೊಂದಕ್ಕಿರಲ್ಲ ಕಣೇ” ಅಂತಿದ್ದ. “ಸವತಿ ಉಂಡ್ಲಾ?” ಅಂತ ಅಕ್ಕ ದಿನಾ ಸಂಜೆ ಚುಚ್ಚೋಳು. “ಉಂಡ್ಲು, ನಿನ್ನ ಕೇಳಿದ್ಲು” ಅಂತ ಅವನು ನಗೋನು.

ನೀರಿನ ಕೊಳವೆ ಬಿಟ್ಟು ಹುಲಿಯನ್ನ ಹಿಂದಿನ ಅಂಗಳಕ್ಕೆ ಓಡಿಸಿ, ಕಬ್ಬಿಣದ ಬಾಗಿಲು ಇಳಿಸಿ, ಹೆಣ ಹೊರಗೆ ತಂದ್ರು. ತಲೆಯ ಹಿಂಭಾಗ ಒಡೆದು ಹೋಗಿತ್ತು. ಒಂದು ಕೆನ್ನೆಯ ಚರ್ಮ ಪೂರ್ತಿ ಕಿತ್ತಿತ್ತು.

“ಇವತ್ತು ಹುಲಿಗೆ ಉಪವಾಸದ ದಿನ. ಹೊಟ್ಟೆ ಹಸಿದಿತ್ತು. ಇವನು ಸಲಿಗೆ ಮೇಲೆ ಒಳಗೆ ಹೋದ. ಮುಗೀತು” ಅಂದ್ರು ಸಾಹೇಬ್ರು. ಮೃಗಾಲಯಕ್ಕೆಲ್ಲ ಅವರೇ ದೊಡ್ಡೋರು. “ಮನುಷ್ಯನ್ನ ಕೊಂದ ಪ್ರಾಣಿ ಇಟ್ಕೊಳ್ಳೋಕಾಗಲ್ಲ. ಸಂಜೆಯೊಳಗೆ ಗುಂಡು ಹೊಡೆಸ್ತೀನಿ.”

ಅಕ್ಕನ ತಮ್ಮ ಅವಳನ್ನ ತಬ್ಬಿ ಹಿಡಿದಿದ್ದ. ಅವನಿಗೂ ಅಲ್ಲೇ ಕೆಲಸ, ಪ್ರಾಣಿಗಳಿಗೆ ಮಾಂಸ ಕಡಿದು ಕೊಡೋದು. ಕೆಲಸ ಕೊಡಿಸಿದವನೂ ಹುಲಿಯಣ್ಣನೇ.

“ಹೊಡೀಲಿ ಬಿಡಕ್ಕಾ” ಅಂದ ತಮ್ಮ. “ಭಾವನ್ನ ತಿಂದ ಪೀಡೆ ಅದು.”

“ಏನೋ ತಿಂತು? ಎಲ್ಲೋ ತಿಂತು?” ಅಕ್ಕ ಅವನ ಕೈ ಕಿತ್ತೆಸೆದ್ಲು. ಸೀದಾ ಹೋಗಿ ಬೋನಿನ ಸರಳಿಗೆ ಬೆನ್ನು ಕೊಟ್ಟು ಕೂತ್ಲು. “ನನ್ನ ಗಂಡ ಸಾಕಿದ್ದು ಇದೊಂದೇ. ಹೊಟ್ಟೇಲಿ ಹುಟ್ಟಿದ್ದು ನಮಗೆ ಒಂದೂ ಇಲ್ಲ. ಇದಕ್ಕೆ ಹೊಡಿಯೋ ಗುಂಡು ನನ್ನ ದಾಟ್ಕೊಂಡು ಹೋಗ್ಲಿ.”

ಪೊಲೀಸ್ ಠಾಣೆಯಿಂದ ಬಂದವಳು ಇನ್‌ಸ್ಪೆಕ್ಟರಮ್ಮ. ಸಣ್ಣ ದೇಹ, ಬಾಯಲ್ಲಿ ಸದಾ ಒಂದು ಲವಂಗ. ಹೆಣದ ಪಕ್ಕ ಕೂತವಳು ಏಳಲೇ ಇಲ್ಲ. ಒಬ್ಬ ಪೇದೆ ಆಕಳಿಸಿದ, ಇನ್ನೊಬ್ಬ ಕಾಲು ಬದಲಾಯಿಸಿದ. ಅವಳು ಆ ಕೆನ್ನೆಯನ್ನೇ ನೋಡ್ತಿದ್ಲು.

“ಡಾಕ್ಟ್ರೇ, ಹುಲಿ ಕೊಲ್ಲೋದು ಹೇಗೆ?”

ಪ್ರಾಣಿಗಳ ಡಾಕ್ಟ್ರು ಕನ್ನಡಕ ಒರೆಸಿದ್ರು. “ಕತ್ತಿಗೆ ಬಾಯಿ ಹಾಕುತ್ತೆ. ಉಸಿರು ನಿಲ್ಲೋವರೆಗೂ ಬಿಡಲ್ಲ.”

“ಕತ್ತಲ್ಲಿ ಹಲ್ಲಿನ ಗುರುತು—?”

“ಇಲ್ಲ. ಪಂಜದಲ್ಲಿ ಒಂದೇಟು ಕೊಟ್ಟಿರಬಹುದು. ಎತ್ತಿನ ಬುರುಡೆಯೂ ಒಡೆಯುತ್ತೆ.”

“ಪಂಜದಲ್ಲಿ ಹೊಡೆದ್ರೆ ಉಗುರು ಗೀರಲ್ವಾ?”

ಡಾಕ್ಟ್ರು ಬಗ್ಗಿ ನೋಡಿದ್ರು. ಗೀರು ಇರಲಿಲ್ಲ.

“ಹೋಗ್ಲಿ. ನಿಮಗೂ ಸತ್ತವನಿಗೂ ಜಗಳ ಆಗಿತ್ತಂತೆ?”

“ಯಾರು ಹೇಳಿದ್ದು?”

“ನೀವೇ ಹೇಳಿ.”

“ಹೋದ ತಿಂಗಳು ಗಂಡು ಹುಲಿ ಸತ್ತಿತ್ತು. ಸತ್ತ ಹುಲಿಯನ್ನ ಇಡಿಯಾಗಿ ಸುಡಬೇಕು. ಉಗುರು, ಮೂಳೆ ಅಂದ್ರೆ ಕಳ್ಳಸಂತೆಯಲ್ಲಿ ಬಾಯಿ ಬಿಡೋರು ಬಹಳ. ಚಿತೆಗೆ ಇಡೋವಾಗ ನಾಲ್ಕು ಪಂಜಾನೂ ಇರಲಿಲ್ಲ ಅಂತ ಇವನು ನನ್ನ ಮೇಲೆ ಎಗರಾಡಿದ. ನಾನು ಕೊಯ್ದು ನೋಡಿ ಹೊಲಿದಾಗ ಇದ್ವು ತಾಯಿ! ಆಮೇಲೆ ಮಾಂಸ ಇಡೋ ಐಸ್ ರೂಮಲ್ಲಿ ಇಟ್ಟಿದ್ರು.”

“ಇವತ್ತು ಬೆಳಗ್ಗೆ ಎಲ್ಲಿದ್ರಿ?”

“ಮನೇಲಿ. ಹೆಂಡತಿ ಹತ್ರ ಬೈಸ್ಕೊಳ್ತಿದ್ದೆ.”

ಯಾರೋ ಕಿಸಕ್ಕಂದ್ರು. ಅಕ್ಕನ ಮುಖ ನೋಡಿ ತಕ್ಷಣ ಕೆಮ್ಮಿ ಮುಚ್ಕೊಂಡ್ರು.

ಇನ್‌ಸ್ಪೆಕ್ಟರಮ್ಮ ತಮ್ಮನ ಕಡೆ ತಿರುಗಿದ್ಲು. “ನೀನು?”

“ಇವತ್ತು ನನಗೆ ಕೆಲಸವೇ ಇಲ್ಲ ಮೇಡಂ. ಉಪವಾಸ ಅಂದ್ರೆ ಎಲ್ಲಾ ದೊಡ್ಡ ಪ್ರಾಣಿಗಳಿಗೂ ಉಪವಾಸ. ಐಸ್ ರೂಮಿನ ಬೀಗಾನೇ ತೆಗೆದಿಲ್ಲ. ಗಲಾಟೆ ಕೇಳಿ ಓಡಿ ಬಂದೆ.”

“ಉಪವಾಸ ಯಾಕೆ?”

ಉತ್ತರ ಕೊಟ್ಟದ್ದು ಅಕ್ಕ, ಕೂತಲ್ಲಿಂದಲೇ. “ಕಾಡಲ್ಲಿ ಹುಲಿ ದಿನಾ ಉಣ್ಣಲ್ಲವಂತೆ ತಾಯೀ. ಬೇಟೆ ಸಿಕ್ಕಿದ್ರೆ ಒಂದೇ ಸಲ ಗುಡಾಣ ತುಂಬಿದಂಗೆ ತಿಂದು, ಮಿಕ್ಕಿದ್ದನ್ನ ಎಲೆ ಕಸ ಎಳೆದು ಮುಚ್ಚಿಟ್ಟು, ಬಿದ್ಕೊಳುತ್ತಂತೆ. ಆಮೇಲೆ ದಿನಗಟ್ಟಲೆ ಒಂಟಿಯಾಗಿ ಅಲೆಯುತ್ತೆ. ಗಂಡ ಬೇಡ, ನೆಂಟರು ಬೇಡ. ಇಲ್ಲಿ ಅಲೆಯೋಕೆ ಜಾಗ ಎಲ್ಲಿದೆ? ಅದಕ್ಕೆ ವಾರಕ್ಕೊಂದು ದಿನ ಹೊಟ್ಟೆಗಾದ್ರೂ ಕಾಡಿನ ನೆನಪಿರ್ಲಿ ಅಂತ ಇವ್ರು ಹೇಳೋರು.”

ಇನ್‌ಸ್ಪೆಕ್ಟರಮ್ಮ ಲವಂಗ ಅಗಿಯೋದು ನಿಲ್ಲಿಸಿದ್ಲು. ಸರಳಿನ ಹತ್ರ ಬಂದು ಹಿಂದಿನ ಅಂಗಳ ನೋಡಿದ್ಲು. ನೀರಿನ ತೊಟ್ಟಿ. ಒಂದು ಪೊದೆ. ಪೊದೆ ಬುಡದಲ್ಲಿ ಒಣಗಿದೆಲೆಯ ಗುಡ್ಡೆ. ದೊರೆಸಾನಿ ಅದರ ಮುಂದೆಯೇ ಮಲಗಿತ್ತು.

“ಆ ಗುಡ್ಡೆ ಏನು?”

“ಅದು ಕೆರೀತಾನೇ ಇರುತ್ತೆ. ಬೆಕ್ಕಿನ ಬುದ್ಧಿ” ಅಂದ್ರು ಸಾಹೇಬ್ರು, ಗಡಿಯಾರ ನೋಡ್ತಾ. “ಬಂದೂಕಿನವರು ಬರ್ತಿದ್ದಾರೆ. ಬೇಗ ಮುಗಿಸಿ.”

“ಹುಲಿಯನ್ನ ಆಚೆ ಕೋಣೆಗೆ ಕಳಿಸಿ. ಆ ಗುಡ್ಡೆ ಬಿಡಿಸಿ.”

“ದಂಡ ಮೇಡಂ” ಅಂದ ತಮ್ಮ.

“ದಂಡ ಆಗ್ಲಿ. ನನ್ನ ಸಂಬಳ ಅದಕ್ಕೇ.”

ಕಸಬರಿಗೆ ಹಿಡಿದವನು ಎಲೆ ಸರಿಸಿದ. ಕೆಳಗೆ ಒಂದು ತೊಡೆ ಮಾಂಸ, ಅರ್ಧ ಕೆರೆದು ತಿಂದದ್ದು. ಇನ್‌ಸ್ಪೆಕ್ಟರಮ್ಮ ಮೂಳೆ ಹತ್ರ ಬೆರಳು ಒತ್ತಿದ್ಲು. ಕಲ್ಲು! ಒಳಗಿನ್ನೂ ಮಂಜುಗಡ್ಡೆ ಕರಗಿರಲಿಲ್ಲ.

ಜನ ಸರಳಿಗೆ ಮುಖ ಒತ್ತಿದ್ರು.

“ಕೇಳಿ ಸಾಹೇಬ್ರೇ” ಅಂದ್ಲು ಅವಳು. “ಹುಲಿ ನಾಲಿಗೆ ಅರದ ಥರ. ಮೂಳೆಯಿಂದ ಮಾಂಸ ಕೆರೆಯುತ್ತೆ. ಈ ಕೆನ್ನೆ ಕಿತ್ತದ್ದು ಹಲ್ಲಲ್ಲ, ಉಗುರಲ್ಲ. ನೆಕ್ಕಿ ನೆಕ್ಕಿ ಕಿತ್ತಿದೆ. ಇಷ್ಟು ಚರ್ಮ ಹೋದ್ರೂ ಒಂದು ಹನಿ ರಕ್ತ ಸುರಿದಿಲ್ಲ. ಯಾಕೆ?”

ಡಾಕ್ಟ್ರು ಮತ್ತೆ ಬಗ್ಗಿ ಕೆನ್ನೆ ನೋಡಿದ್ರು. “ನೆಕ್ಕೋವಾಗ... ಅವನು ಆಗಲೇ ಸತ್ತಿದ್ದ.”

“ಹೌದು. ಹಸಿದ ಹುಲಿ ಅಂದ್ರಿ. ಮುಂದೆ ಹೆಣ. ಒಂದು ತುತ್ತೂ ಕಚ್ಚಿಲ್ಲ. ಎಬ್ಬಿಸೋಕೆ ನೋಡಿದೆ, ಅಷ್ಟೆ. ಯಾರೋ ಹೊರಗೆ ಕೊಂದು ಒಳಗೆ ತಂದು ಹಾಕಿದ್ದಾರೆ. ಹುಲಿ ಇರೋ ಬೋನಿಗೆ ಹೆಣ ತರೋದು ಹೇಗೆ? ಮೊದಲು ಹುಲಿಯನ್ನ ಅಂಗಳಕ್ಕೆ ಕಳಿಸ್ಬೇಕು. ಮಾಂಸ ಎಸೆದ್ರೆ ಹೋಗುತ್ತೆ. ಬಾಗಿಲು ಇಳಿಸಿ, ಹೆಣ ಮಲಗಿಸಿ, ಮತ್ತೆ ಬಾಗಿಲು ಎತ್ತಿದ್ರಾಯ್ತು. ಅಕ್ಕಾ, ನಿಮ್ಮೆಜಮಾನ್ರು ಮಾಂಸ ಹೇಗೆ ಕೊಡ್ತಿದ್ರು?”

“ಹಿಂದಿನ ದಿನಾನೇ ಹೊರಗೆ ತೆಗೆಸಿ, ಮಂಜು ಪೂರ್ತಿ ಇಳಿದ ಮೇಲೆ...” ಅಕ್ಕನಿಗೆ ಅಲ್ಲೇ ಹೊಳೀತು. ಉಪವಾಸದ ಹಿಂದಿನ ದಿನ ಯಾರೂ ಮಾಂಸ ಹೊರಗೆ ತೆಗೆಯಲ್ಲ. ಇಡೀ ಮೃಗಾಲಯದಲ್ಲಿ ಈ ಬೆಳಗ್ಗೆ ಇದ್ದದ್ದು ಕಲ್ಲಾದ ಮಾಂಸ ಒಂದೇ. ಅದಿದ್ದದ್ದು ಬೀಗದೊಳಗೆ.

“ಆ ಬೀಗದ ಕೈ ಯಾರ ಹತ್ರ?”

ಎಲ್ಲರೂ ತಮ್ಮನ ಸೊಂಟ ನೋಡಿದ್ರು. ಅಕ್ಕ ಒಬ್ಬಳೇ ನೆಲ ನೋಡಿದ್ಲು.

“ಬೀಗಾನೇ ತೆಗೆದಿಲ್ಲ ಅಂದೆ ನೀನು” ಅಂದ್ಲು ಇನ್‌ಸ್ಪೆಕ್ಟರಮ್ಮ ಮೆತ್ತಗೆ. “ರಕ್ತ ತೊಳೆಯೋದು ನಿನ್ನ ದಿನದ ಕೆಲಸ, ಯಾರೂ ಅನುಮಾನ ಪಡಲ್ಲ. ಮಾಂಸದ ಕೈಗಾಡಿ ತಳ್ಳಿದ್ರೆ ಯಾರೂ ತಿರುಗಿಯೂ ನೋಡಲ್ಲ. ಸತ್ತ ಹುಲಿಯ ಪಂಜ ಹೋದದ್ದೂ ಅದೇ ಬೀಗದೊಳಗಿಂದ, ಮಾರಿದವನು ನೀನು. ಹುಲಿಯಣ್ಣನ್ನ ಕೊಂದವನೂ ನೀನೇ.”

ತಮ್ಮ ಓಡಲಿಲ್ಲ. ಹೋಗಿ ಅಕ್ಕನ ಮುಂದೆ ಕೂತ.

“ಬೆಳಗ್ಗೆ ಐಸ್ ರೂಮಿಗೆ ಕರೆದದ್ದು ಭಾವನೇ ಅಕ್ಕಾ. ಪಂಜ ಎಲ್ಲೋ ಅಂದ್ರು. ನಾನು ಬಾಯಿ ಬಿಟ್ಟೆ. ನೀನಾಗೇ ಹೋಗಿ ಒಪ್ಕೋ, ನಾನು ಹೇಳಿದ್ರೆ ನಿಮ್ಮಕ್ಕನಿಗೆ ಮುಖ ತೋರ್ಸೋದು ಹೇಗೋ ಅಂದ್ರು. ಅಂದು, ಬೆನ್ನು ತಿರುಗಿಸಿದ್ರು. ನನ್ನ ಕೈಯಲ್ಲಿ ಮೂಳೆ ಒಡೆಯೋ ಸುತ್ತಿಗೆ ಇತ್ತಕ್ಕಾ...”

ಅಕ್ಕನಿಗೆ ಅಳು ಬರಲಿಲ್ಲ. ಗಂಡ ಸೀದಾ ಸಾಹೇಬ್ರ ಹತ್ರ ಹೋಗಿದ್ರೆ ಇವತ್ತು ತಿಂಡಿ ಡಬ್ಬಿ ಖಾಲಿಯಾಗಿ ಮನೆಗೆ ಬರ್ತಿತ್ತು. ಅವಳ ಮುಖ ನೋಡಿಕೊಂಡು ಬಾಯಿ ಬಿಡದೆ ಸತ್ತ. ಇನ್ನು ಈ ಮುಖ ಎಲ್ಲಿ ಇಟ್ಕೊಂಡು ಓಡಾಡೋದು?

ಬಂದೂಕಿನವರನ್ನ ಬಾಗಿಲಲ್ಲೇ ವಾಪಸ್ ಕಳಿಸಿದ್ರು.

ಮಣ್ಣು ಮಾಡಿದ ಮಾರನೇ ದಿನ ತಮ್ಮನ ಹೆಂಡತಿ ಬಂದ್ಲು, ಕಂಕುಳಲ್ಲಿ ಕೂಸು. ಒಳಗೆ ಬಾ ಅಂದ್ರೂ ಬರಲಿಲ್ಲ.

“ಗುಂಡು ಹೊಡೆಯೋಕೆ ಬಿಟ್ಟಿದ್ರೆ ಒಂದು ಹುಲಿ ಸಾಯ್ತಿತ್ತು ಅತ್ತಿಗೆ. ನೀವು ಕೂತು ಹಟ ಹಿಡಿದು, ಒಡಹುಟ್ಟಿದವನನ್ನೇ ಕೊಟ್ರಿ. ಈ ಕೂಸಿಗೆ ಏನು ಹೇಳ್ಲಿ?”

 

ದೊರೆಸಾನಿ ಹತ್ರ ಹೋಗೋಕೆ ಬೇರೆ ಆಳು ಯಾರೂ ಒಪ್ಪಲಿಲ್ಲ. ಡಾಕ್ಟ್ರು ಹೇಳಿ ಕಳಿಸಿದ್ರು. ಸಂಜೆ ಅಕ್ಕನೇ ಹೋದ್ಲು. ಮಂಜು ಇಳಿದಿದೆಯಾ ಅಂತ ಮಾಂಸ ಮುಟ್ಟಿ ನೋಡಿ, ಸರಳಿನ ಸಂದಿಯಲ್ಲಿ ಒಳಗೆ ತಳ್ಳಿದ್ಲು. “ತಿನ್ನೇ” ಅಂದ್ಲು.

ಹುಲಿ ಎದ್ದು ಬಂತು. ಮಾಂಸ ಮೂಸಲಿಲ್ಲ. ಅವಳನ್ನ ಒಂದು ಗಳಿಗೆ ನೋಡಿ, ಆಮೇಲೆ ಅವಳ ಭುಜದಾಚೆ, ಹುಲಿಯಣ್ಣ ದಿನಾ ಒಳಗೆ ಬರ್ತಿದ್ದ ಬಾಗಿಲನ್ನ ನೋಡ್ತಾ ನಿಂತುಬಿಡ್ತು. ಕಿವಿ ನೆಟ್ಟಗಾದವು.

ಆ ಕಿವಿ ನಂಬಿ ಅಕ್ಕನೂ ಹಿಂದೆ ತಿರುಗಿ ನೋಡಿದ್ಲು.