ಟಾರ್ಪಾಲು ಅಂಗಡಿಯ ತಿರುವು

ಗಾಜು ಹೇರಿಕೊಂಡಿದ್ದ ಆ ಲಾರಿ ಮತ್ತೊಮ್ಮೆ ಅಂಗಡಿಯತ್ತ ಬಂದಾಗ ಅವಳಿಗೆ ಸುಮ್ಮನಿರಲಾಗಲಿಲ್ಲ. ದಬ್ಬಳವನ್ನು ಟಾರ್ಪಾಲಿಗೇ ಚುಚ್ಚಿಟ್ಟು ರಸ್ತೆಗಿಳಿದು ಕೈ ಅಡ್ಡ ಹಿಡಿದಳು.

"ಏನ್ರೀ, ನನ್ನ ಅಂಗಡಿ ಅಷ್ಟು ಚೆನ್ನಾಗಿದೆಯಾ? ಬೆಳಗ್ಗಿಂದ ಇದನ್ನೇ ಸುತ್ತು ಹಾಕ್ತಿದೀರಲ್ಲ!"

ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಕಿವಿಯ ಬಳಿ ನರೆತ ಕೂದಲು, ಬೈಸಿಕೊಳ್ಳಲು ತಯಾರಾಗಿ ಕೂತಂಥ ಮುಖ.

"ಗಾಜಿನ ಗೋದಾಮು ಹುಡುಕ್ತಿದೀನಿ. ಫೋನು ಇಲ್ಲೇ ಇದೆ, ಇಲ್ಲೇ ಇದೆ ಅಂತ ಬಡ್ಕೊಳ್ತಿದೆ."

"ಅದರ ಮಾತು ಕೇಳಿದ್ರೆ ನಿಮ್ಮ ಗಾಜೆಲ್ಲ ಒಡೆದು ಸಕ್ಕರೆ ಆಗುತ್ತೆ," ಎಂದಳು ಅವಳು.

ಅದು ಗೋದಾಮುಗಳ ಪ್ರದೇಶ. ಎಲ್ಲ ರಸ್ತೆಗೂ ಒಂದೇ ಮುಖ. ಬೂದು ಗೋಡೆ, ತಗಡಿನ ಗೇಟು, ಗೇಟಿನ ಪಕ್ಕ ಕುರ್ಚಿಯಲ್ಲಿ ತೂಕಡಿಸುವ ಕಾವಲುಗಾರ. ಹೊಸಬರು ಫೋನಿನ ಮ್ಯಾಪ್ ನಂಬಿ ರೈಲು ಹಳಿಯ ಕೆಳಗಿನ ಗಿಡ್ಡ ಸೇತುವೆಗೆ ನುಗ್ಗಿ, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ ಎಂದು ಸಿಕ್ಕಿಹಾಕಿಕೊಳ್ಳುತ್ತಿದ್ದರು. ಹಾಗಾಗುವ ಮೊದಲೇ ಅವರನ್ನು ತಡೆದು ದಾರಿ ಹೇಳುವುದು ಅವಳಿಗೆ ಅಪ್ಪನಿಂದ ಬಂದ ಅಭ್ಯಾಸ. ಅಪ್ಪ ಹೋದ ಮೇಲೆ ಲಾರಿಗಳ ಟಾರ್ಪಾಲು ಹೊಲಿಯುವ ಅಂಗಡಿಯ ಜೊತೆಗೆ ಈ ಕೆಲಸವೂ ಅವಳ ಪಾಲಿಗೆ ಬಂದಿತ್ತು. ನಲವತ್ತು ದಾಟಿದ್ದ ಅವಳನ್ನು ಚಾಲಕರೆಲ್ಲ ಟಾರ್ಪಾಲಕ್ಕ ಎನ್ನುತ್ತಿದ್ದರು. ಅಂಗಡಿಯ ಮೇಲೇ ಮನೆ. ಮನೆಯಲ್ಲಿ ಅಣ್ಣ, ಅತ್ತಿಗೆ. ಅವಳ ಮದುವೆಯ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಯಾರೂ ಬೇಡವೆಂದಿರಲಿಲ್ಲ, ಅದು ತಾನಾಗಿಯೇ ನಿಂತುಹೋಗಿತ್ತು.

"ಮುಂದೆ ಎಡಕ್ಕೆ ತಗೊಳ್ಳಿ. ನೀರಿನ ಟ್ಯಾಂಕ್ ಬರುತ್ತೆ. ಅಲ್ಲಿಂದ ಬಲಕ್ಕೆ ಹೋದ್ರೆ ಹಸಿರು ಗೇಟು."

ಅವನು ತಲೆಯಾಡಿಸಿದ. ಆದರೆ ಗೇರ್ ಹಾಕಲಿಲ್ಲ. ಸ್ವಲ್ಪ ಹೊತ್ತು ಸ್ಟೀರಿಂಗ್ ನೋಡುತ್ತಾ ಕೂತು, "ನೀವೇ ಬಂದು ತೋರಿಸ್ತೀರಾ?" ಎಂದ.

ಅಲ್ಲಿಯವರೆಗೆ ಅವಳು ಯಾರ ಲಾರಿಯನ್ನೂ ಹತ್ತಿದವಳಲ್ಲ. ಹತ್ತಿ ಎಂದವರಿಗೆ ಸರಿಯಾಗಿ ಉಗಿದು ಕಳಿಸಿದ್ದಳು. ಇವನ ಕೇಳುವಿಕೆಯಲ್ಲಿ ಪೋಲಿತನವಿರಲಿಲ್ಲ, ಒಂಥರಾ ಸಂಕೋಚವಿತ್ತು. ಮೇಲಿನ ಕಿಟಕಿಯತ್ತ ಮುಖ ಮಾಡಿ, "ಅತ್ತಿಗೇ, ಅಂಗಡಿ ಕಡೆ ಒಂದು ಕಣ್ಣಿಟ್ಟಿರಿ!" ಎಂದು ಕೂಗಿ ಹತ್ತಿಬಿಟ್ಟಳು.

ಮುಂದಿನ ವಾರ ಅದೇ ಲಾರಿ ಬಂದು ಅಂಗಡಿಯ ಮುಂದೆ ನಿಂತಿತು.

"ಗಾಜಿನ ಗೋದಾಮು ಎಲ್ಲಿ ಬರುತ್ತೆ?"

ಅವಳು ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಿದ. ಕಿವಿ ಕೆಂಪಾಗಿದ್ದುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಓಹೋ, ಇದಾ ಕಥೆ ಎಂದುಕೊಂಡಳು. ಸಿಟ್ಟು ಬರಬೇಕಿತ್ತು, ನಗು ಬಂತು.

ಅದರ ಮುಂದಿನ ವಾರವೂ ಅದೇ ಪ್ರಶ್ನೆ, ಅದೇ ಕೆಂಪು ಕಿವಿ. ಅತ್ತಿಗೆ ಮೆಟ್ಟಿಲ ಮೇಲೆ ಬಟ್ಟೆ ಮಡಚುತ್ತಾ, "ಪಾಪ, ಲಾರಿಯಲ್ಲೇ ತಲೆ ನರೆತಿದೆ. ಇದೊಂದು ಗೋದಾಮಿನ ದಾರಿ ಮಾತ್ರ ತಲೆಗೆ ಹತ್ತಲ್ಲ ನೋಡು," ಎಂದಳು.

"ಸುಮ್ನಿರಿ ಅತ್ತಿಗೆ."

"ನಾನೇನಂದೆ? ನೀನ್ಯಾಕೆ ಇವತ್ತು ಹೊಸ ಸೀರೆ ಉಟ್ಟಿದೀಯ ಅಂತ ಕೇಳಿದ್ನಾ?"

ಕ್ಯಾಬಿನ್ನಿನಲ್ಲಿ ಅವರ ನಡುವೆ ನೀರಿನ ಬಾಟಲಿಯೊಂದು ಉರುಳಾಡುತ್ತಿತ್ತು. ಉರುಳಿ ಇವಳ ಕಡೆ ಬಂದರೆ ಇವಳು ಅತ್ತ ತಳ್ಳುತ್ತಿದ್ದಳು, ಅತ್ತ ಹೋದರೆ ಅವನು ಇತ್ತ. ಅವನು ಮಾತು ಕಡಿಮೆಯ ಮನುಷ್ಯ. ಹೆಂಡತಿ ತೀರಿಕೊಂಡಿದ್ದಾಳೆ, ಮಗಳಿಗೆ ಮದುವೆಯಾಗಿದೆ, ಇಷ್ಟು ಹೇಳಲು ಅವನಿಗೆ ಎರಡು ವಾರ ಬೇಕಾಯಿತು.

ಒಂದು ದಿನ ಅವಳೇ ಕೆಣಕಿದಳು. "ಎಲ್ಲರೂ ನನ್ನ ಅಕ್ಕ ಅಂತಾರೆ. ನೀವು ಮಾತ್ರ ಏನೂ ಅನ್ನಲ್ಲ."

"ಅಕ್ಕ ಅಂದ್ಬಿಟ್ರೆ ಆಮೇಲೆ ಬೇರೆ ಏನೂ ಅನ್ನೋಕಾಗಲ್ವಲ್ಲ."

ಅವಳು ಕಿಟಕಿಯ ಹೊರಗೆ ನೋಡಿದಳು. ಬೂದು ಗೋಡೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಇಷ್ಟು ವರ್ಷ ನೋಡಿದ ಗೋಡೆಯೇ ಇದು ಎಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ಎನ್ನಬೇಕಾದವಳು "ನೇರ ಹೋಗಿ" ಎಂದಳು. ಅದು ಹಳೆಯ ಇಟ್ಟಿಗೆ ಗೂಡುಗಳನ್ನೆಲ್ಲ ಬಳಸಿಕೊಂಡು ಬರುವ ಸುತ್ತಿನ ದಾರಿ. ಅವನು ತುಟಿ ಪಿಟಕ್ಕೆನ್ನದೆ ನೇರ ಹೋದ. ಅವನಿಗೂ ಇದು ಬೇಕಾಗಿದೆ ಎಂದುಕೊಂಡಳು ಅವಳು. ಅಂದಿನಿಂದ ಪ್ರತಿ ವಾರವೂ ಸುತ್ತಿನ ದಾರಿಯೇ ಆಯಿತು. ಇಬ್ಬರಿಗೂ ಗೊತ್ತಿರುವ, ಇಬ್ಬರೂ ಬಾಯಿಬಿಡದ ಗುಟ್ಟು ಎಂದೇ ಅವಳು ತಿಳಿದಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ಅವನು ಸರಕು ಇಳಿಸಿ, ಅವಳನ್ನು ಅಂಗಡಿಯ ಬಳಿ ಬಿಟ್ಟು ಹೊರಟ. ಅವಳು ದಾರ ಪೋಣಿಸಿ ಕೂರುವಷ್ಟರಲ್ಲಿ ಎದುರಿನ ನಾಲ್ಕು ರಸ್ತೆ ಕೂಡುವಲ್ಲಿ ಹಾರನ್ನುಗಳ ಗಲಾಟೆ ಎದ್ದಿತು. ಅವನ ಲಾರಿ ನಟ್ಟನಡುವೆ ನಿಂತಿತ್ತು. ಹಿಂದೆ ಸಾಲುಗಟ್ಟಿದ್ದ ಲಾರಿಗಳವರು ಕೂಗಾಡುತ್ತಿದ್ದರು. ಅವಳು ನಗುತ್ತಲೇ ಓಡಿಹೋಗಿ ಫುಟ್‌ಬೋರ್ಡ್ ಹತ್ತಿದಳು.

"ಸಾಕು ನಿಮ್ಮ ನಾಟಕ! ಹೈವೇ ಯಾವ ಕಡೆ ಅಂತ ಗೊತ್ತಿಲ್ಲ ಅಂದ್ಬಿಡಬೇಡಿ ಮತ್ತೆ!"

ಅವನು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದ. ಹಣೆಯ ಮೇಲೆಲ್ಲ ಬೆವರು.

"ಗೊತ್ತಿಲ್ಲ," ಎಂದ.

ಅವಳ ನಗು ಹಾಗೆಯೇ ಮುಖದ ಮೇಲೆ ನಿಂತುಬಿಟ್ಟಿತು. ಪಕ್ಕಕ್ಕೆ ಬಂದು ಕೂತು, ಎಡಕ್ಕೆ, ಇನ್ನೂ ಎಡಕ್ಕೆ ಎನ್ನುತ್ತಾ ಲಾರಿಯನ್ನು ರಸ್ತೆಯಂಚಿಗೆ ತರಿಸಿದಳು. ಎಂಜಿನ್ ನಿಂತ ಮೇಲೆ ಅವನು ಮೆಲ್ಲಗೆ ಹೇಳಿದ.

"ಮೊದಲ ದಿನದಿಂದ್ಲೂ ನಾಟಕ ಆಡಿಲ್ಲ ನಾನು. ನೀವು ದಾರಿ ಹೇಳ್ತಿದ್ರಿ, ಟ್ಯಾಂಕ್ ಅನ್ನೋ ಹೊತ್ತಿಗೆ ಎಡಕ್ಕೆ ಅಂದಿದ್ದು ಜಾರಿ ಹೋಗ್ತಿತ್ತು. ಡಾಕ್ಟರಿಗೆ ತೋರಿಸಿದೀನಿ. ಮೆದುಳಿನ ಕಾಯಿಲೆ. ದಾರಿಗಳು ಮೊದಲು ಹೋಗ್ತವೆ, ಆಮೇಲೆ ಮನುಷ್ಯರ ಮುಖ ಅಂದ್ರು. ಔಷಧಿ ಕೊಟ್ರೂ ನಿಧಾನ ಆಗಬಹುದು ಅಷ್ಟೇ, ನಿಲ್ಲಲ್ವಂತೆ."

ಅವಳಿಗೆ ಆ ಕ್ಷಣ ಬಾಯಿಗೆ ಬಂದದ್ದು ಕಾಯಿಲೆಯ ಮಾತಲ್ಲ. ಆಮೇಲೆ ಎಷ್ಟೋ ದಿನ ಅದಕ್ಕಾಗಿ ಅವಳು ನಾಚಿದಳು.

"ಹಾಗಾದ್ರೆ ನೀವು ವಾರ ವಾರ ನಿಲ್ಲಿಸ್ತಿದ್ದಿದ್ದು... ನನಗೋಸ್ಕರ ಅಲ್ವಾ?"

ಅವನು ಸ್ಟೀರಿಂಗಿನಿಂದ ಕೈ ತೆಗೆದ. "ಸುಳ್ಳು ಹೇಳಲ್ಲ. ಮೊದಮೊದಲು ದಾರಿಗೋಸ್ಕರಾನೇ. ಆಮೇಲಾಮೇಲೆ ದಾರಿ ಗೊತ್ತಿದ್ದಿದ್ರೂ ನಿಲ್ಲಿಸ್ತಿದ್ದೆ. ದಾರಿ ಮಾತ್ರ ಗೊತ್ತಾಗಲೇ ಇಲ್ಲ, ಏನ್ಮಾಡ್ಲಿ."

ಅವಳು ಅವನತ್ತ ತಿರುಗಿದಳು. "ನಾನೂ ಒಂದು ಹೇಳ್ಬೇಕು. ಆ ಇಟ್ಟಿಗೆ ಗೂಡಿನ ರಸ್ತೆ ಬರೀ ಸುತ್ತು. ಬೇಕಂತಲೇ ಸುತ್ತಿಸ್ತಿದ್ದೆ. ನಿಮಗೂ ಗೊತ್ತು ಅಂದ್ಕೊಂಡಿದ್ದೆ."

"ಯಾವತ್ತಿಂದ?"

"ಅಕ್ಕ ಅನ್ನಲ್ಲ ಅಂದ್ರಲ್ಲ, ಅವತ್ತಿಂದ."

"ಅಯ್ಯೋ ನನ್ನ ಡೀಸೆಲ್ಲೇ!" ಎಂದ ಅವನು. ಇಬ್ಬರೂ ನಕ್ಕರು. ನಗುನಗುತ್ತಲೇ ಅವನ ಕಣ್ಣು ತುಂಬಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ಅವನ ಕೈ ಹಿಡಿಯಬೇಕೆನಿಸಿತು. ಹಿಡಿದಳು.

ಲಾರಿ ಬಿಟ್ಟುಬಿಡಿ ಎಂದು ಅವಳು ಅಂದೇ ಹೇಳಿದಳು. ಅವನು ಒಪ್ಪಲಿಲ್ಲ.

"ಬಿಟ್ಟು ಏನ್ಮಾಡ್ಲಿ? ಮಗಳ ಮನೆ ಮೂಲೆಯಲ್ಲಿ ಕೂತ್ಕೊಂಡು ಒಂದೊಂದೇ ಮರೀತಾ ಹೋಗ್ಲಾ? ಇನ್ನು ಸ್ವಲ್ಪ ದಿನ. ನೀವು ಫೋನಲ್ಲಿ ದಾರಿ ಹೇಳಿ, ನಾನು ಓಡಿಸ್ತೀನಿ. ನಿಮ್ಮ ದನಿ ಕಿವಿಯಲ್ಲಿದ್ರೆ ಗಾಬರಿ ಆಗಲ್ಲ."

ಬೇಡ ಎನ್ನಬೇಕಿತ್ತು. ಬೇಡ ಎಂದರೆ ಅವನು ಬರುವುದೇ ನಿಂತುಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಹೂಂಗುಟ್ಟಿದಳು.

ಆ ಬೇಸಿಗೆ ಪೂರ್ತಿ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಟಾರ್ಪಾಲು ಹೊಲಿದಳು. ತಾನು ಕಾಣದ ಊರುಗಳ ರಸ್ತೆಗಳು ಅವಳ ಫೋನಿನ ಪರದೆಯ ಮೇಲಿದ್ದವು, ಅವನ ಲಾರಿ ಅಲ್ಲೊಂದು ನೀಲಿ ಚುಕ್ಕೆ. "ಮುಂದೆ ಪೆಟ್ರೋಲ್ ಬಂಕ್ ಬರುತ್ತೆ, ಕಂಡ್ತಾ?" "ಕಂಡ್ತು." "ಅದು ದಾಟಿದ ಮೇಲೆ ಬಲಕ್ಕೆ." ನಡುನಡುವೆ ಅವನು ಏನಾದರೊಂದು ಹೇಳುತ್ತಿದ್ದ. "ಇಲ್ಲೊಂದು ಮರ ಇದೆ, ಪೂರ್ತಿ ಹಳದಿ ಹೂವು. ನೀವು ನೋಡ್ಬೇಕಿತ್ತು." ಅವಳು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅಷ್ಟು ಸುಖವಾಗಿ ಅವಳು ಹಿಂದೆಂದೂ ಇದ್ದಿರಲಿಲ್ಲ, ಅಷ್ಟು ಭಯದಲ್ಲಿ ಕೂಡ.

ಏನಾದರೂ ಆದರೆ ಇರಲಿ ಎಂದು ಅವನು ಮಗಳ ನಂಬರ್ ಕೊಟ್ಟಿದ್ದ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ, "ಎಡಕ್ಕೆ," ಎಂದಳು ಅವಳು. "ಎಡಕ್ಕೆ," ಎಂದ ಅವನು. ಪರದೆಯ ಮೇಲಿನ ಚುಕ್ಕೆ ಬಲಕ್ಕೆ ಹೊರಳಿತು. "ಅಲ್ಲ, ಎಡಕ್ಕೆ! ನಿಲ್ಲಿಸಿ!" ಬ್ರೇಕಿನ ಕಿರುಚಾಟ, ಅದರ ಬೆನ್ನಿಗೇ ಗಾಜಿನ ಹಲಗೆಗಳು ಒಂದರ ಮೇಲೊಂದು ಒಡೆದು ಸುರಿಯುವ ಸದ್ದು. ಆಮೇಲೆ ಮಕ್ಕಳ ಅಳು. ಒಂದಲ್ಲ, ಹಲವು.

"ಹಲೋ? ಯಾರಿಗೇನಾಯ್ತು? ಮಾತಾಡಿ!"

ಬಹಳ ಹೊತ್ತಿನ ಮೇಲೆ ಅವನ ದನಿ ಬಂತು. "ಸ್ಕೂಲ್ ಬಿಟ್ಟಿತ್ತು. ಮಕ್ಕಳು ರಸ್ತೆ ದಾಟ್ತಿದ್ರು. ಯಾರಿಗೂ ಏನೂ ಆಗಿಲ್ಲ. ಒಂದು ಮಗು ಇಲ್ಲೇ ಬಂಪರ್ ಮುಂದೆ ನಿಂತಿದೆ. ನನ್ನನ್ನೇ ನೋಡ್ತಿದೆ."

ಅವನು ಫೋನಿಟ್ಟ ಮೇಲೆ ಅವಳು ಟಾರ್ಪಾಲಿನ ರಾಶಿಯ ಮೇಲೆ ಕೂತಳು. ಅತ್ತಿಗೆ ಕೆಳಗಿಳಿದು ಬಂದು ಅವಳ ಮುಖ ನೋಡಿ ಚಹಾ ತಂದಿಟ್ಟಳು. ಲೋಟದ ಚಹಾ ಹಾಗೇ ಆರಿಹೋಯಿತು. ಕೊನೆಗೆ ಅವಳು ಮಗಳ ನಂಬರ್ ಒತ್ತಿದಳು. ತಾನು ಯಾರೆಂದು ಹೇಳುವುದು ತಿಳಿಯದೆ, "ನಿಮ್ಮಪ್ಪಂಗೆ ದಾರಿ ಹೇಳೋಳು," ಎಂದು ಶುರುಮಾಡಿದಳು. ಎಲ್ಲವನ್ನೂ ಹೇಳಿದಳು.

ಅಲ್ಲಿಗೆ ಮುಗಿಯಿತು. ಮಾಲೀಕರು ಲಾರಿಯ ಕೀ ತೆಗೆದುಕೊಂಡರು. ಅಪ್ಪನ ಬಟ್ಟೆಬರೆ ಒಯ್ಯಲು ಬಂದ ಮಗಳು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿಸಿದಳು. ಅವನು ಇಳಿಯಲಿಲ್ಲ. ಅಂಗಡಿಯಿಂದ ಇಳಿದು ಅವಳೇ ಕಾರಿನ ಕಿಟಕಿಯ ಬಳಿ ಹೋದಳು.

"ನೀವು ಹೇಳ್ಬಾರದಿತ್ತು," ಎಂದ ಅವನು ಎದುರು ನೋಡುತ್ತಾ.

"ಹೌದು."

"ಬೇರೆ ಯಾರು ಹೇಳಿದ್ರೂ ಬೇಜಾರಾಗ್ತಿರಲಿಲ್ಲ."

"ಗೊತ್ತು. ಆ ಮಗು ಇವತ್ತು ಸ್ಕೂಲಿಗೆ ಹೋಗಿರುತ್ತೆ," ಎಂದಳು. "ಅದಕ್ಕೆ ಹೇಳ್ದೆ."

ಮಗಳು ಗಾಡಿ ಸ್ಟಾರ್ಟ್ ಮಾಡಿದಾಗ ಅವನು ಕಿಟಕಿಯ ಅಂಚಿನ ಮೇಲಿದ್ದ ಅವಳ ಬೆರಳುಗಳ ಮೇಲೆ ಕೈಯಿಟ್ಟ. "ಬರ್ತೀರಾ ನೋಡೋಕೆ?"

"ಬರ್ತೀನಿ."

"ಬೇಗ ಬನ್ನಿ," ಎಂದ. ಅಷ್ಟು ಆತುರ ಏಕೆಂದು ಮೂವರಿಗೂ ಗೊತ್ತಿತ್ತು.

ಅವಳು ಭಾನುವಾರಗಳಂದು ಬಸ್ಸಿನಲ್ಲಿ ಅವನ ಮಗಳ ಮನೆಗೆ ಹೋಗತೊಡಗಿದಳು. ಮೊದಮೊದಲು ಅವನು ಗೇಟಿನ ಬಳಿಯೇ ಕಾಯುತ್ತಿದ್ದ. ಜಗಲಿಯ ಮೇಲೆ ಕೂತು ಹಳದಿ ಹೂವಿನ ಮರದ ಬಗ್ಗೆ, ಅತ್ತಿಗೆಯ ಬಾಯಿಯ ಬಗ್ಗೆ ಮಾತಾಡುತ್ತಿದ್ದರು. ಚಳಿಗಾಲದ ಹೊತ್ತಿಗೆ ಗೇಟಿನ ಬಳಿ ಯಾರೂ ಇರುತ್ತಿರಲಿಲ್ಲ. ಮಗಳು ಒಳಗಿನಿಂದ ಕೈ ಹಿಡಿದು ಕರೆತಂದು ಕೂರಿಸುತ್ತಿದ್ದಳು.

ಒಂದು ಭಾನುವಾರ ಅವನು ಮಗಳ ಕಿವಿಯಲ್ಲಿ, "ಯಾರಿವರು?" ಎಂದು ಕೇಳಿದ್ದು ಅವಳಿಗೆ ಕೇಳಿಸಿತು.

"ನಿನ್ನ ಸ್ನೇಹಿತೆ ಅಪ್ಪ. ನಿನ್ನ ನೋಡೋಕೆ ಬಂದಿದಾರೆ."

"ನನ್ನನ್ನಾ?" ಅವನು ನೆಟ್ಟಗೆ ಕೂತ. ಅಂಗಿಯ ಕಾಲರ್ ಸರಿಮಾಡಿಕೊಂಡ, ಅಂಗೈಯಿಂದ ಕೂದಲು ತೀಡಿಕೊಂಡ. ಮತ್ತೆ ಮತ್ತೆ ಅವಳತ್ತ ನೋಡಿ, ಕಣ್ಣಿಗೆ ಕಣ್ಣು ಸಿಕ್ಕಿದಾಗ ನೆಲ ನೋಡಿದ. ಕೊನೆಗೆ ಕೇಳಿಯೇಬಿಟ್ಟ.

"ತಪ್ಪು ತಿಳ್ಕೋಬೇಡಿ. ನಿಮಗೆ ಮದುವೆ ಆಗಿದೆಯಾ?"

ಅಷ್ಟು ಮಧ್ಯಾಹ್ನಗಳು ಪಕ್ಕದಲ್ಲಿ ಕೂತು ಹೋಗಿದ್ದರೂ ಅವನು ಇದೊಂದನ್ನು ಕೇಳಿರಲಿಲ್ಲ.

"ಇಲ್ಲ," ಎಂದಳು.

"ಯಾಕೆ?"

"ಯಾರೂ ಕೇಳಲಿಲ್ಲ."

"ನಾನು ಕೇಳಿದ್ರೆ?"

ಮಗಳು ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಒಳಗೆ ಹೋದಳು. ಅವನು ಉತ್ತರಕ್ಕೆ ಕಾಯುತ್ತಿದ್ದ, ಪರೀಕ್ಷೆ ಬರೆದ ಹುಡುಗನ ಹಾಗೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು.

"ಹೂಂ," ಎಂದಳು ಅವಳು. ಅವನಿಗೆ ಕೇಳಿಸಲೆಂದು ಇನ್ನೊಮ್ಮೆ ಹೇಳಿದಳು. "ಹೂಂ ಅಂತೀನಿ."

ಅವನು ನಕ್ಕ ಆ ನಗುವನ್ನು ಅವಳು ಬಸ್ಸಿನುದ್ದಕ್ಕೂ ಎದೆಯಲ್ಲಿಟ್ಟುಕೊಂಡು ಬಂದಳು. ಅತ್ತಿಗೆಗೂ ಹೇಳಲಿಲ್ಲ.

ಮುಂದಿನ ಭಾನುವಾರ ಅವಳು ಬೇಗನೆ ಹೋದಳು. ಅವನು ಜಗಲಿಯ ಮೇಲಿದ್ದ. ಕೈ ಮುಗಿದು, "ಯಾರು ಬೇಕಿತ್ತು?" ಎಂದು ಕೇಳಿದ. ಅವಳು ಪಕ್ಕದಲ್ಲಿ ಕೂತು ಸಂಜೆಯವರೆಗೆ ಕಾದಳು. ಅವನು ಮತ್ತೇನೂ ಕೇಳಲಿಲ್ಲ.

"ಅಪ್ಪ ಅವತ್ತು ಕೇಳಿದ್ದನ್ನ ನೀವೇ ಒಂದ್ಸಲ ನೆನಪು ಮಾಡಿ," ಎಂದಳು ಮಗಳು, ಗೇಟಿನವರೆಗೆ ಬಂದು.

"ನೆನಪು ಮಾಡಿ ಕೇಳಿಸ್ಕೊಳ್ಳೋ ಮಾತಲ್ಲಮ್ಮ ಅದು."

ಅವಳು ಈಗಲೂ ಹೋಗುತ್ತಾಳೆ. ಅವನು ಕೂತಿರುತ್ತಾನೆ, ಅವಳು ಪಕ್ಕದಲ್ಲಿ ಕೂರುತ್ತಾಳೆ. ಕೆಲವು ಸಲ ಅವನು ಅವಳತ್ತ ತಿರುಗಿ, ಏನೋ ಹೇಳಲಿದ್ದವನಂತೆ ಬಾಯಿ ತೆರೆಯುತ್ತಾನೆ. ಅವಳು ಉಸಿರು ಬಿಗಿಹಿಡಿಯುತ್ತಾಳೆ. "ಚಹಾ ಆರ್ತಿದೆ, ಕುಡೀರಿ," ಎನ್ನುತ್ತಾನೆ ಅವನು.