ನಿಂತಲ್ಲೇ ನಿಂತವರು

ಪುಟ್ಟ ಹುಡುಗಿ ಜೀರುಂಡೆಯ ಮುಂದೆ ಒಂದು ಘನಗಂಭೀರ ಪ್ರಶ್ನೆ ಇತ್ತು. ನಿಂತಲ್ಲೇ ನಿಲ್ಲಬೇಕು ಅಂದರೆ, ಮೂಗು ತುರಿಸಿಕೊಳ್ಳಬಹುದೋ, ಬಾರದೋ? ದೊಡ್ಡ ದೊಡ್ಡ ವಕೀಲರೂ ತಲೆ ಕೆರೆದುಕೊಳ್ಳುವಂಥ ವಿಷಯ. ಬಹಳ ಹೊತ್ತು ಯೋಚಿಸಿ, ಪಾದ ಕದಲಿಸದೆ, ಅವಳು ಮೂಗು ತುರಿಸಿಕೊಂಡಳು.

ನಿಯಮ ಅಜ್ಜನದು. "ಕಳೆದುಹೋದವರು ನಿಂತಲ್ಲೇ ನಿಲ್ಲಬೇಕು. ಹುಡುಕೋರು ಬರ್ತಾರೆ." ಇದನ್ನು ಹೇಳದೆ ಅಜ್ಜ ಮನೆಯಿಂದ ಹೊರಡುತ್ತಲೇ ಇರಲಿಲ್ಲ.

ಶಾಲೆ ಮುಗಿಸಿ ಇಬ್ಬರೂ ನೆಲದಡಿಯ ಮೆಟ್ರೊದಿಂದ ಇಳಿದಿದ್ದರು. ಮನೆ ಕಡೆಯ ರೈಲು ಅದೇ ನಿಲ್ದಾಣದ ಮೇಲಿನ ಮಹಡಿಯಿಂದ ಹೊರಡುತ್ತದೆ. ಅಜ್ಜನಿಗೆ ಎಸ್ಕಲೇಟರ್ ಕಂಡರೆ ಆಗದು.

"ಓಡೋ ಮೆಟ್ಟಿಲಿನ ಸಹವಾಸ ಇವತ್ತು ನನಗೆ ಬೇಡಪ್ಪ. ನೀನು ಹತ್ತು. ನಾನು ಸುಮ್ಮನಿರೋ ಮೆಟ್ಟಿಲಲ್ಲಿ ಬರ್ತೀನಿ."

ಜೀರುಂಡೆ ಮೇಲೆ ಬಂದಳು. ಅಜ್ಜ ಬರಲಿಲ್ಲ.

ಬೇರೆ ಎಲ್ಲರೂ ಬಂದರು. ಹೊಳೆಯ ನೀರು ಕಲ್ಲನ್ನು ಬಳಸಿ ಹೋಗುವಂತೆ ಅವಳನ್ನು ಬಳಸಿಕೊಂಡು ಹೋದರು. ಒಬ್ಬನ ಬ್ಯಾಗು ಭುಜಕ್ಕೆ ಬಡಿಯಿತು. "ಸಾರಿ" ಅಂದ. ಅದೂ ಫೋನಿಗೆ. ಮನೆಯಲ್ಲಿ ಒಂದು ಗಳಿಗೆಯೂ ಬಾಯಿ ಮುಚ್ಚದವಳು ಅಂತಲೇ ಅವಳಿಗೆ ಆ ಹೆಸರು. ಇಲ್ಲಿ ಯಾರಿಗೆ ಏನು ಹೇಳುವುದು?

"ಏನಮ್ಮಾ, ಇಲ್ಲೇ ಬೇರು ಬಿಟ್ಯಾ?" ನೆಲ ಒರೆಸುವ ಹೆಂಗಸು ಕೇಳಿದಳು. "ಸ್ವಲ್ಪ ಆ ಕಡೆ ಸರಿ."

"ಆಗಲ್ಲ ಆಂಟಿ. ನಾನು ಕಳೆದುಹೋಗಿದೀನಿ."

"ಅಯ್ಯೋ! ಯಾರ ಜೊತೆ ಬಂದೆ?"

"ಅಜ್ಜನ ಜೊತೆ."

"ಅಜ್ಜನಿಗೆ ಇಲ್ಲಿ ದಾರಿ ಗೊತ್ತಾ?"

"ಅಜ್ಜನಿಗಾ? ಏನೂ ಗೊತ್ತಿಲ್ಲ! ದಿನಾ ನಾನೇ ಕೈ ಹಿಡ್ಕೊಂಡು..."

ಮಾತು ಅಲ್ಲೇ ನಿಂತಿತು. ಜೀರುಂಡೆ ನಿಲ್ಲಲಿಲ್ಲ. ಕೆಳಗಿಳಿಯುವ ಎಸ್ಕಲೇಟರ್ ಕಡೆಗೆ ಓಡಿದಳು.

ಸುಮ್ಮನಿರುವ ಮೆಟ್ಟಿಲು ನಡುವಿನ ಮಹಡಿಗೇ ಮುಗಿದುಹೋಗಿತ್ತು. ಅಲ್ಲಿ, ಮುಚ್ಚಿದ ಅಂಗಡಿಯೊಂದರ ಮುಂದೆ, ಅವಳ ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡು ಅಜ್ಜ ನಿಂತಿದ್ದ. ಪಾದ ಕದಲಿಸದೆ. ಜನ ಅವನನ್ನೂ ಬಳಸಿಕೊಂಡು ಹೋಗುತ್ತಿದ್ದರು. ದೂರದಿಂದ ಅಜ್ಜ ತೀರಾ ಚಿಕ್ಕವನಾಗಿ ಕಂಡ.

"ಎಲ್ಲಿ ಹಾಳಾಗಿ ಹೋಗಿದ್ದೆ? ನಿಂತಲ್ಲೇ ನಿಲ್ಲು ಅಂತ ಎಷ್ಟು ಸಲ ಬಡ್ಕೊಂಡಿಲ್ಲ!" ಅಜ್ಜ ಗದರಿದ.

ಜೀರುಂಡೆಯ ನಾಲಿಗೆಯ ತುದಿಯಲ್ಲಿ ಸರಿಯಾದ ಉತ್ತರವೇ ಇತ್ತು. ಅಷ್ಟರಲ್ಲಿ ಅಜ್ಜ ಅವಳ ಕೈ ಹಿಡಿದುಕೊಂಡ. ಅವನ ಅಂಗೈ ಬೆವರಿ ಒದ್ದೆಯಾಗಿತ್ತು.

"ಸಾರಿ ಅಜ್ಜ, ಮರೆತುಹೋಯ್ತು," ಅಂದಳು.

ಅಲ್ಲಿಂದ ಮೇಲಕ್ಕೆ ಹೋಗುವ ಸುಮ್ಮನಿರೋ ಮೆಟ್ಟಿಲು ಹುಡುಕಿ ಇಬ್ಬರೂ ನಿಧಾನವಾಗಿ ಹತ್ತಿದರು. ರೈಲು ಹೋಗಿತ್ತು. ಮುಂದಿನ ರೈಲಿನಲ್ಲಿ ಸೀಟು ಸಿಗಲಿಲ್ಲ. ಇಬ್ಬರೂ ಕೈ ಬಿಡದೆ ನಿಂತಲ್ಲೇ ನಿಂತರು.